ಸೋತ ದೊರೆಯ ಹಬ್ಬ

ಗೆದ್ದವರ ಹೆಸರಿನ ಹಬ್ಬಗಳು ಬೇಕಾದಷ್ಟಿವೆ. ಸೋತವನ ಹೆಸರಿನಲ್ಲಿ ನಾಡಿಗೆ ನಾಡೇ ದೀಪ ಹಚ್ಚುವುದು ಬಲಿಪಾಡ್ಯಮಿಯ ದಿನ. ವಾಮನನಿಗೆ ಮೂರು ಹೆಜ್ಜೆ ನೆಲ ಕೊಡುತ್ತೇನೆಂದ ಬಲಿಗೆ ಅದರ ಹಿಂದಿನ ಮರ್ಮವನ್ನು ಗುರು ಶುಕ್ರಾಚಾರ್ಯರೇ ತಿಳಿಸಿದರು. ಆದರೂ ಆತ ಆಡಿದ ಮಾತನ್ನು ಹಿಂದೆಗೆಯಲಿಲ್ಲ, ಮೂರನೆಯ ಹೆಜ್ಜೆಗೆ ತಲೆಯೊಡ್ಡಿದ. ರಾಜ್ಯ ಹೋಯಿತು. ಆದರೆ ಅಂದು ಜನ ಕೂಗಿ ಕರೆಯುವುದು ಬಲೀಂದ್ರನನ್ನೇ.

ಈ ಹಬ್ಬದ ಬೆನ್ನಿಗೇ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಹೋರಿ ಬೆದರಿಸುವ ಆಟ ಶುರುವಾಗುತ್ತದೆ. ಹಲಗೇರಿ ಸೀಮೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ಚೆನ್ನಾಗಿ ಮೇಯಿಸಿ ಪಳಗಿಸಿದ ಹೋರಿಗೆ ಒಣಕೊಬ್ಬರಿಯ ಹಾರ, ಬಲೂನು, ಗೆಜ್ಜೆ, ಬಣ್ಣದ ರಿಬ್ಬನ್ನು ಕಟ್ಟಿ ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಎರಡೂ ಬದಿಗೆ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ದಾಟಿದರೆ ಹೋರಿ ಗೆದ್ದಿತು, ಕೊಬ್ಬರಿ ಹರಿದರೆ ಹುಡುಗರು ಗೆದ್ದರು. ಇಲ್ಲಿ ಹೋರಿಯನ್ನು ಕೊಲ್ಲುವುದಿಲ್ಲ, ಇರಿಯುವುದಿಲ್ಲ. ಸ್ಪೇನಿನ ಗೂಳಿಕಾಳಗದಲ್ಲಿ ಸೋಲೆಂದರೆ ಗೂಳಿಯ ಸಾವು. ಇಲ್ಲಿ ಸೋತ ಹೋರಿ ಮನೆಗೆ ಹೋಗಿ ಹಿಂಡಿ ತಿನ್ನುತ್ತದೆ, ಮರುದಿನ ಇನ್ನೊಂದು ಊರಿನ ಓಣಿಯಲ್ಲಿ ನಿಲ್ಲುತ್ತದೆ. ಹೆಸರಾದ ಹೋರಿ ಸತ್ತರೆ ಅದಕ್ಕೆ ಹೂ ಹಾಕಿ ಮೆರವಣಿಗೆ ಮಾಡಿ ಮಣ್ಣು ಕೊಡುವುದೂ ಉಂಟು.

ಹಿಂದೆ ಕಿತ್ತ ಕೊಬ್ಬರಿಯೇ ಗೆದ್ದವನ ಬಹುಮಾನ. ಈಗ ಅಖಾಡಕ್ಕೆ ಬೈಕು, ಬಂಗಾರ ಬಂದಿವೆ. ಬಹುಮಾನ ದೊಡ್ಡದಾದಷ್ಟೂ ಸೋಲು ನುಂಗುವುದು ಕಷ್ಟ. ಈ ಆಟದಲ್ಲಿ ಜನಕ್ಕೂ ದನಕ್ಕೂ ಪೆಟ್ಟಾಗಿದೆ, ಪ್ರಾಣಗಳೂ ಹೋಗಿವೆ. ಅದನ್ನು ಮುಚ್ಚಿಟ್ಟು ಹಬ್ಬವನ್ನು ಹೊಗಳುವುದು ಸರಿಯಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಓಟಗಳಿಗೆ ತಡೆ ಹಾಕಿತು. ಕಂಬಳ ಮತ್ತು ಹೋರಿ ಓಟಕ್ಕಾಗಿ ಕರ್ನಾಟಕ 2017ರಲ್ಲಿ ಕಾನೂನು ತಿದ್ದುಪಡಿಗೆ ಹೊರಟಿತು, ಆ ತಿದ್ದುಪಡಿಯನ್ನು 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ ಸೋತ ಸಿಟ್ಟಿಗೆ ಹೋರಿಯನ್ನು ಹೊಡೆಯುವ ಕೈಯನ್ನು ಕಾನೂನಿಗಿಂತ ಮೊದಲು ಹಿಡಿಯಬೇಕಾದವರು ಪಕ್ಕದಲ್ಲಿ ನಿಂತವರೇ.

ಇದೇ ಜಿಲ್ಲೆಯ ಹಾನಗಲ್ಲಿನಲ್ಲಿ ಗೆಲುವು ಸೋಲುಗಳ ಇನ್ನೊಂದು ಲೆಕ್ಕ ಕಲ್ಲಿನಲ್ಲಿದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ದಂಡನ್ನು ಹಿಮ್ಮೆಟ್ಟಿಸಿದ, ಆದರೆ ಕಾದಾಟದಲ್ಲಿ ತಾನೇ ಮಡಿದ. ವೀರಗಲ್ಲು ನಿಂತದ್ದು ಅವನಿಗೆ. ವೀರಗಲ್ಲುಗಳ ಸಾಮಾನ್ಯ ಕ್ರಮವನ್ನೇ ನೋಡಿ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಆ ದಿನದ ಕಾಳಗ ಯಾರ ಪಾಲಾಯಿತು ಎಂಬುದು ಎಷ್ಟೋ ಕಲ್ಲುಗಳನ್ನು ನೋಡಿದರೆ ತಿಳಿಯುವುದೇ ಇಲ್ಲ. ಕೆತ್ತಿಸಿದವರಿಗೆ ಅದು ಮುಖ್ಯವಾಗಿರಲಿಲ್ಲವೆಂದು ತೋರುತ್ತದೆ.

ಈ ಮಾತು ಹಳಗಾಲಕ್ಕೇ ಮುಗಿದದ್ದಲ್ಲ. 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಟೇಲರ್ ಹೊರಡಲು ಹಿಂಜರಿದರು. ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಮನವಿ ಹಿಂದೆಗೆದು ಅವರನ್ನು ಆಡಲು ಕರೆಸಿದರು. ಟೇಲರ್ ಮತ್ತು ಬಾತಮ್ ಜೊತೆಯಾಟಕ್ಕೆ 171 ರನ್ ಬಂತು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ ಟೆಸ್ಟ್ ಪಂದ್ಯಗಳು ಎರಡೇ, ಅದರಲ್ಲಿ ಇದು ಕೊನೆಯದು.