ಮುಂದೂಡಿದ ಆಟದ ಬೆಲೆ ಯಾರು ತೆತ್ತರು?

2020ರ ಮಾರ್ಚ್ ತಿಂಗಳಲ್ಲಿ ಜಗತ್ತಿನ ಫುಟ್‌ಬಾಲ್ ಮೈದಾನಗಳು ಒಂದರ ಹಿಂದೊಂದರಂತೆ ಬಾಗಿಲು ಹಾಕಿಕೊಂಡವು. 14ರಂದು ಗೋವಾದ ಫತೋರ್ಡಾದಲ್ಲಿ ಇಂಡಿಯನ್ ಸೂಪರ್ ಲೀಗಿನ ಫೈನಲ್ ಪ್ರೇಕ್ಷಕರಿಲ್ಲದೆ ನಡೆಯಿತು. 17ರಂದು ಯುರೋಪಿನ ‘ಯೂರೋ 2020’ ಮತ್ತು ದಕ್ಷಿಣ ಅಮೆರಿಕದ ‘ಕೋಪಾ ಅಮೆರಿಕ’ ಎರಡನ್ನೂ ಒಂದೇ ದಿನ, ಒಂದು ವರ್ಷದ ಮಟ್ಟಿಗೆ ಮುಂದಕ್ಕೆ ಹಾಕಿದರು. 26ರಂದು ಭುವನೇಶ್ವರದಲ್ಲಿ ಭಾರತ ಮತ್ತು ಕತಾರ್ ಆಡಬೇಕಿದ್ದ ವಿಶ್ವಕಪ್ ಅರ್ಹತಾ ಪಂದ್ಯವೂ ಮುಂದಕ್ಕೆ ಹೋಯಿತು. ಅದು ನಡೆದದ್ದು 2021ರ ಜೂನ್ 3ರಂದು, ಅದೂ ದೋಹಾದಲ್ಲಿ. ನಮ್ಮವರು 0–1ರಲ್ಲಿ ಸೋತರು.

ಭದ್ರಾವತಿಯಂಥ ಊರಿಗೆ ಇವು ದೂರದ ಸುದ್ದಿಗಳಲ್ಲ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳನ್ನು ನಂಬಿಕೊಂಡು ಕನ್ನಡಿಗರ ಜೊತೆಗೆ ತಮಿಳರು, ತೆಲುಗರು, ಮಲಯಾಳಿಗಳು, ಮನೆಯಲ್ಲಿ ಉರ್ದು ಮಾತಾಡುವ ನಮ್ಮವರು ಬಂದು ಸೇರಿದ ಊರು ಇದು. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರೆಂದು ನಾವು ಹೆಮ್ಮೆಪಡುವುದು ಕ್ರಿಕೆಟ್ಟಿನ ಮಾತು ಬಂದಾಗ. ಫುಟ್‌ಬಾಲ್ ನೋಡಲು ರಾತ್ರಿಯೆಲ್ಲ ನಿದ್ದೆಗೆಡುವವರೂ ಇಲ್ಲಿ ಕಡಿಮೆಯಿಲ್ಲ. ಆ ಮಾರ್ಚಿನಲ್ಲಿ ಆಟ ನಿಂತದ್ದು ತಪ್ಪು ಎಂದು ಯಾರೂ ಹೇಳಲಿಲ್ಲ. ಪಿಡುಗು ಬಂದಾಗ ಆಟ ನಿಲ್ಲಬೇಕಾದದ್ದೇ. ಆದರೆ ಹಿಂದಿನ ನೂರು ವರ್ಷಗಳಲ್ಲಿ ಹೀಗೆ ನಿಂತ, ಮುಂದಕ್ಕೆ ಹೋದ, ಊರು ಬದಲಿಸಿದ ಟೂರ್ನಿಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ನಿಲ್ಲಿಸಿದ್ದು ರೋಗದ ಭಯದಿಂದಲೋ, ಕೆಲವು ಜನರ ಭಯದಿಂದಲೋ? ಆ ನಿಲುಗಡೆಯ ಬೆಲೆ ಯಾರ ಲೆಕ್ಕಕ್ಕೆ ಹೋಯಿತು?

ಮುಂದೂಡುವುದೇನೂ ಹೊಸ ಬುದ್ಧಿಯಲ್ಲ. ಏಳನೆಯ ಶತಮಾನದಲ್ಲಿ ಶಾಮ್ ದೇಶಕ್ಕೆ ಹೊರಟಿದ್ದ ಖಲೀಫ ಉಮರ್ ಅಲ್ಲಿ ವಬಾ ಹರಡಿದೆಯೆಂದು ಕೇಳಿ ಸರ್ಗ್ ಎಂಬಲ್ಲಿಂದ ಹಿಂದಿರುಗಿದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಪಿಡುಗಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ಅದು ಬಂದರೆ ಬಿಟ್ಟು ಓಡಬೇಡಿ ಎಂಬ ಪ್ರವಾದಿಯವರ ಮಾತನ್ನು ಅಂದು ಜೊತೆಯಲ್ಲಿದ್ದವರೊಬ್ಬರು ನೆನಪಿಸಿದರು. ಪ್ರತಿವರ್ಷ ಲಕ್ಷಗಟ್ಟಲೆ ಜನ ಸೇರುವ ಹಜ್ ಯಾತ್ರೆಯೇ 2020ರಲ್ಲಿ ಸೌದಿಯೊಳಗಿದ್ದ ಬೆರಳೆಣಿಕೆಯ ಜನರಿಗೆ ಸೀಮಿತವಾಯಿತು. 2021ರಲ್ಲಿ 60 ಸಾವಿರದ ಮಿತಿ ಹಾಕಿದರು. ಹಜ್ಜೇ ಹೀಗೆ ಎಂದ ಮೇಲೆ ಚೆಂಡಾಟದ ಮಾತೇನು!

ಫುಟ್‌ಬಾಲಿನಲ್ಲಿ ಇಂಥ ಮುಂದೂಡಿಕೆಯ ಹಳೆಯ ಉದಾಹರಣೆ ಬ್ರೆಜಿಲಿನದು. ದಕ್ಷಿಣ ಅಮೆರಿಕದ ಮೂರನೆಯ ಚಾಂಪಿಯನ್‌ಷಿಪ್ 1918ರಲ್ಲಿ ರಿಯೋ ಡಿ ಜನೈರೋದಲ್ಲಿ ನಡೆಯಬೇಕಿತ್ತು. ನಮ್ಮಲ್ಲಿ ಬೆಂಕಿಪುರವೆಂಬ ಹಳ್ಳಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಯೋಜನೆ ರೂಪುಗೊಳ್ಳುತ್ತಿದ್ದ ವರ್ಷ ಅದು. ಬೆಂಕಿಪುರ ಭದ್ರಾವತಿಯಾದದ್ದು ಆಮೇಲೆ. ಆ ವರ್ಷ ಬಂದ ಇನ್‌ಫ್ಲುಯೆಂಜಾ ಮೈಸೂರು ಸೀಮೆಯನ್ನೂ ಬಿಡಲಿಲ್ಲ, ರಿಯೋವನ್ನೂ ಬಿಡಲಿಲ್ಲ. ಟೂರ್ನಿಯನ್ನು 1919ರ ಮೇ ತಿಂಗಳಿಗೆ ಹಾಕಿದರು. ಆ ಮೇ 29ರಂದು ಬ್ರೆಜಿಲ್ ಮತ್ತು ಉರುಗ್ವೆ ನಡುವಿನ ನಿರ್ಣಾಯಕ ಪಂದ್ಯ 90 ನಿಮಿಷಕ್ಕೆ ಮುಗಿಯದೆ, ಎರಡು ಸಲ ಅರ್ಧರ್ಧ ಗಂಟೆ ಬೆಳೆದು 150 ನಿಮಿಷ ನಡೆಯಿತು. ಗೆಲುವಿನ ಒಂದೇ ಗೋಲು ಹೊಡೆದವನು ಆರ್ಥರ್ ಫ್ರೀಡೆನ್‌ರೈಖ್. ತಂದೆ ಜರ್ಮನ್ ಮೂಲದವನು, ತಾಯಿ ಕಪ್ಪು ಜನಾಂಗದವಳು. ಕಪ್ಪು ಹುಡುಗರನ್ನು ದೊಡ್ಡ ಕ್ಲಬ್ಬುಗಳು ಒಳಗೆ ಬಿಟ್ಟುಕೊಳ್ಳದಿದ್ದ ಕಾಲದಲ್ಲಿ ಇಡೀ ನಗರ ಅವನನ್ನು ಕೊಂಡಾಡಿತು. ಜನ ಸತ್ತ ಮನೆಗಳ ದುಃಖ ಆರಲೆಂದು ಕಾದು ಆಡಿದ ಆಟಕ್ಕೆ ಸಿಕ್ಕ ಫಲವೆಂದೇ ಇದನ್ನು ನಾವು ನೋಡುತ್ತೇವೆ.

ಅದೇ ಬ್ರೆಜಿಲ್ ನೂರು ವರ್ಷದ ಮೇಲೆ ಕಾಯಲಿಲ್ಲ. 2021ರ ಕೋಪಾ ಅಮೆರಿಕವನ್ನು ಕೊಲಂಬಿಯಾ ಮತ್ತು ಅರ್ಜೆಂಟೀನಾ ಸೇರಿ ನಡೆಸಬೇಕಿತ್ತು. ಮೊದಲನೆಯದರಲ್ಲಿ ಜನರ ಪ್ರತಿಭಟನೆ, ಎರಡನೆಯದರಲ್ಲಿ ಕೋವಿಡ್. ಎರಡೂ ಕೈತಪ್ಪಿದಾಗ ಬ್ರೆಜಿಲ್ ಸರ್ಕಾರ ನಾವು ನಡೆಸುತ್ತೇವೆಂದು ಮುಂದೆ ಬಂತು. ಟೂರ್ನಿ ನಡೆಯುತ್ತಿದ್ದಾಗಲೇ, ಜೂನ್ 19ರಂದು, ಆ ದೇಶದಲ್ಲಿ ಕೋವಿಡ್ಡಿನಿಂದ ಸತ್ತವರ ಸಂಖ್ಯೆ 5 ಲಕ್ಷ ದಾಟಿತು.

ಭಯದ ಇನ್ನೊಂದು ಮುಖ ಕಾಣುವುದು ಆಫ್ರಿಕಾದಲ್ಲಿ. 2015ರ ಜನವರಿಯಲ್ಲಿ ಆಫ್ರಿಕಾ ಕಪ್ ಮೊರಾಕ್ಕೊದಲ್ಲಿ ನಡೆಯಬೇಕಿತ್ತು. ಅದಕ್ಕೆ ಮೊದಲಿನ ವರ್ಷ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ ಎಬೋಲಾ ಹರಡಿ, ಕೊನೆಗೆ 11 ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೊರಾಕ್ಕೊದಲ್ಲಿ ಒಂದೂ ಪ್ರಕರಣ ಇರಲಿಲ್ಲ. ಆದರೂ ಆ ಭಾಗದಿಂದ ಪ್ರೇಕ್ಷಕರು ಬಂದರೆ ರೋಗವೂ ಬರುತ್ತದೆಂದು ಟೂರ್ನಿಯನ್ನು ಮುಂದೂಡುವಂತೆ ಅದು ಕೇಳಿತು. ಆಫ್ರಿಕಾ ಫುಟ್‌ಬಾಲ್ ಒಕ್ಕೂಟ ಒಪ್ಪಲಿಲ್ಲ. 2014ರ ನವೆಂಬರ್ 11ರಂದು ಆತಿಥ್ಯವನ್ನೇ ಕಿತ್ತುಕೊಂಡು, ಮೂರು ದಿನದಲ್ಲಿ ಈಕ್ವಟೋರಿಯಲ್ ಗಿನಿಗೆ ಕೊಟ್ಟಿತು. ಮೊರಾಕ್ಕೊಗೆ ದಂಡ, ಮುಂದಿನ ಎರಡು ಟೂರ್ನಿಗಳಿಂದ ಬಹಿಷ್ಕಾರ. ಬಹಿಷ್ಕಾರವನ್ನು ಮುಂದೆ ಕ್ರೀಡಾ ನ್ಯಾಯಮಂಡಳಿ ತೆಗೆದುಹಾಕಿತು, ದಂಡವನ್ನೂ ಬಹಳ ಇಳಿಸಿತು.

ಇಲ್ಲಿ ಯಾರು ಸರಿ? ಥಟ್ಟನೆ ಹೇಳುವುದು ಕಷ್ಟ. ಬೇರೆ ಕಂಪನಿಗಳು ಹಾರಾಟ ನಿಲ್ಲಿಸಿದಾಗಲೂ ಮೊರಾಕ್ಕೊದ ವಿಮಾನಗಳು ರೋಗಪೀಡಿತ ದೇಶಗಳಿಗೆ ಹೋಗಿಬರುತ್ತಿದ್ದವು. ಗಿನಿ ತಂಡ ತನ್ನ ‘ತವರಿನ’ ಪಂದ್ಯಗಳನ್ನು ಆಡಿದ್ದು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲೇ. ಇವೆರಡೂ ಅದರ ಒಳ್ಳೆಯತನಕ್ಕೆ ಸಾಕ್ಷಿ. ಆದರೆ ಆಫ್ರಿಕಾ ಕಪ್ ಬೇಡವೆಂದ ಅದೇ ದೇಶ 2014ರ ಡಿಸೆಂಬರಿನಲ್ಲಿ ಕ್ಲಬ್ ವಿಶ್ವಕಪ್ ನಡೆಸಿತು! ರಿಯಲ್ ಮ್ಯಾಡ್ರಿಡ್ ಬಂತು, ಅವರನ್ನು ನೋಡಲು ಹೊರದೇಶಗಳ ಜನ ಬಂದರು. ಬರುವವರು ಯುರೋಪಿನವರಾದರೆ ಒಂದು ಅಳತೆ, ಪಶ್ಚಿಮ ಆಫ್ರಿಕಾದವರಾದರೆ ಇನ್ನೊಂದು ಎಂಬ ಅನುಮಾನ ಹುಟ್ಟಿದ್ದು ಅಲ್ಲಿಯೇ. ಕೊನೆಗೆ ಗಿನಿ ಆ ಟೂರ್ನಿಯಲ್ಲಿ ಆಡಿತು. ತನ್ನ ಗುಂಪಿನ ಮೂರೂ ಪಂದ್ಯ 1–1ರಲ್ಲಿ ಸಮವಾಗಿ, ಮಾಲಿಯೊಂದಿಗೆ ಚೀಟಿ ಎತ್ತಿ, ಕ್ವಾರ್ಟರ್ ಫೈನಲ್ ತಲುಪಿತು. ಟೂರ್ನಿಯಿಂದ ಎಬೋಲಾ ಯಾರಿಗೂ ಹರಡಲಿಲ್ಲ.

ಸಿಯೆರಾ ಲಿಯೋನ್ ಆಟಗಾರರ ಪಾಡು ಇದಕ್ಕಿಂತ ಕಷ್ಟದ್ದು. ಅರ್ಹತಾ ಸುತ್ತಿನಲ್ಲಿ ಸೆಶೆಲ್ಸ್ ದೇಶ ಅವರನ್ನು ಒಳಗೆ ಬಿಡಲು ಒಪ್ಪದೆ ಪಂದ್ಯವನ್ನೇ ಬಿಟ್ಟುಕೊಟ್ಟಿತು. ಹೆಚ್ಚಿನ ಆಟಗಾರರು ಹೊರದೇಶದ ಕ್ಲಬ್ಬುಗಳಲ್ಲಿ ದುಡಿಯುತ್ತಿದ್ದವರು. ಆದರೂ ಕಾಂಗೋದ ಮೈದಾನದಲ್ಲಿ ಜನ ‘ಎಬೋಲಾ, ಎಬೋಲಾ’ ಎಂದು ಕೂಗಿದರು. ಎಬೋಲಾ ಎಂಬುದು ಕಾಂಗೋದ್ದೇ ಒಂದು ನದಿಯ ಹೆಸರು. 1976ರಲ್ಲಿ ಅಲ್ಲಿನ ಯಂಬುಕು ಎಂಬ ಹಳ್ಳಿಯಲ್ಲಿ ರೋಗ ಕಾಣಿಸಿದಾಗ, ಹಳ್ಳಿಯ ಹೆಸರಿಟ್ಟರೆ ಅಲ್ಲಿಯವರಿಗೆ ಕಳಂಕ ಹತ್ತುತ್ತದೆಂದು ವಿಜ್ಞಾನಿಗಳು ನದಿಯ ಹೆಸರು ಆರಿಸಿದ್ದರು. ಹಳ್ಳಿ ಉಳಿಯಿತು, ಕಳಂಕ ಬೇರೆಯವರ ಹೆಗಲೇರಿತು.

ಈ ಕಳಂಕದ ಮಾತು ಶಿವಮೊಗ್ಗ ಜಿಲ್ಲೆಯ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಊರವರು ಮಂಗನ ಕಾಯಿಲೆ ಎಂದರು. ವೈದ್ಯಪುಸ್ತಕಗಳು ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟವು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಪ್ರಾಣ ತೆಗೆಯಿತು. ಉಣುಗು ಕಚ್ಚಿ ಬರುವ ರೋಗ ಅದು, ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಆದರೂ ಆ ಕಡೆಯ ಊರುಗಳಿಗೆ ನೆಂಟರು ಬರಲು ಹಿಂಜರಿದದ್ದನ್ನು ನಾವು ಕೇಳಿದ್ದೇವೆ. ರೋಗಗಳಿಗೆ ಊರಿನ, ಜನರ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸೂಚನೆ ಹೊರಡಿಸಿದ್ದು 2015ರ ಮೇ ತಿಂಗಳಲ್ಲಿ.

ಅದಾಗಿ ಐದು ವರ್ಷಕ್ಕೆ, ಹೆಸರಿನ ಆಟ ನಮ್ಮ ಬಾಗಿಲಿಗೇ ಬಂತು. 2020ರ ಏಪ್ರಿಲಿನಲ್ಲಿ ದೆಹಲಿಯ ತಬ್ಲೀಗ್ ಸಭೆಯ ಸುದ್ದಿಯ ಹಿಂದೆಯೇ ಕೊರೊನಾಕ್ಕೆ ಒಂದು ಧರ್ಮದ ಹೆಸರು ಅಂಟಿತು. ಶಿವಮೊಗ್ಗ ಆಗ ಹಸಿರು ವಲಯ. ಮೇ 10ರಂದು ಅಹಮದಾಬಾದಿನಿಂದ ಮರಳಿದ ಎಂಟು ಮಂದಿಗೆ ಸೋಂಕು ಕಂಡಾಗ ಜಿಲ್ಲೆಯ ಹಸಿರು ಬಣ್ಣ ಹೋಯಿತು. ಆ ಎಂಟು ಮಂದಿಯ ಜ್ವರಕ್ಕಿಂತ ಅವರು ಯಾರೆಂಬುದೇ ದೊಡ್ಡ ಸುದ್ದಿಯಾಯಿತು. ವಿದೇಶೀ ತಬ್ಲೀಗಿಗಳನ್ನು ಬಲಿಪಶು ಮಾಡಲಾಗಿದೆಯೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿ ಮೊಕದ್ದಮೆಗಳನ್ನು ರದ್ದು ಮಾಡಿದ್ದು ಆಗಸ್ಟಿನಲ್ಲಿ. ಅಷ್ಟರಲ್ಲಿ ತರಕಾರಿ ಗಾಡಿ ತಳ್ಳುವವರು ಎಷ್ಟೋ ಬೀದಿಗಳಲ್ಲಿ ಹೆಸರು ಹೇಳಿ ಬೈಸಿಕೊಂಡಾಗಿತ್ತು. ಸಿಯೆರಾ ಲಿಯೋನಿನ ಆಟಗಾರರ ಕಥೆ ಓದುವಾಗ ನಮಗೆ ಆ ಗಾಡಿಗಳು ನೆನಪಾಗುತ್ತವೆ.

ಹಾಗೆಂದು ಭಯವೆಲ್ಲ ಸುಳ್ಳು ಎನ್ನುವಂತಿಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿ ತಂಡ ಎಎಫ್‌ಸಿ ಕಪ್ಪಿನ ಪಂದ್ಯಕ್ಕೆಂದು ಮಾಲ್ಡೀವ್ಸಿನ ಮಾಲೆಗೆ ಹೋಗಿತ್ತು. ಭಾರತದಲ್ಲಿ ಆಗ ದಿನಕ್ಕೆ 4 ಲಕ್ಷಕ್ಕೂ ಮೀರಿ ಹೊಸ ಪ್ರಕರಣಗಳು. ತಂಡದ ಕೆಲವರು ಕೋವಿಡ್ ನಿಯಮ ಮೀರಿ ಹೊರಗೆ ಓಡಾಡಿದರು. ಅಲ್ಲಿನ ಕ್ರೀಡಾ ಸಚಿವರು ತಂಡ ದೇಶ ಬಿಡಬೇಕೆಂದರು. ಕ್ಲಬ್ಬಿನ ಮಾಲೀಕರು ಬಹಿರಂಗವಾಗಿ ಕ್ಷಮೆ ಕೇಳಿದರು. ಏಷ್ಯಾ ಒಕ್ಕೂಟ ಆ ಪಂದ್ಯವನ್ನೂ ಗುಂಪಿನ ಪಂದ್ಯಗಳನ್ನೂ ಮುಂದಕ್ಕೆ ಹಾಕಿತು. ಇಲ್ಲಿ ಮಾಲ್ಡೀವ್ಸ್ ಮಾಡಿದ್ದು ನ್ಯಾಯ. ಅವರು ಕೇಳಿದ್ದು ಯಾವ ಊರಿನವರು ಎಂದಲ್ಲ, ಏನು ಮಾಡಿದಿರಿ ಎಂದು. ಆಗಸ್ಟ್ 15ರಂದು ಅದೇ ಮಾಲೆಯಲ್ಲಿ ಬೆಂಗಳೂರು ತಂಡ ಅಲ್ಲಿನ ಕ್ಲಬ್ ಈಗಲ್ಸ್ ವಿರುದ್ಧ ಆಡಿ 1–0ರಲ್ಲಿ ಗೆದ್ದಿತು. ಮೂರು ತಿಂಗಳು ತಡವಾಯಿತು, ಅಷ್ಟೆ.

ದೊಡ್ಡವರ ಆಟ ತಡವಾದರೆ ಅಷ್ಟೆ. ಯೂರೋ 2020 ನಡೆದದ್ದು 2021ರಲ್ಲಿ, ಆದರೂ ಹೆಸರು ‘2020’ ಆಗಿಯೇ ಉಳಿಯಿತು. ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋದಾಗ ಪುರುಷರ ಫುಟ್‌ಬಾಲಿನ 23ರ ವಯೋಮಿತಿಯನ್ನು 24ಕ್ಕೆ ಏರಿಸಿದರು. 1997ರಲ್ಲಿ ಹುಟ್ಟಿದವರಿಗೆ ಅನ್ಯಾಯವಾಗಬಾರದಲ್ಲ!

ಭಾರತದಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿಗೆ ಇಂಥ ಕಾಳಜಿ ಸಿಗಲಿಲ್ಲ. 2020ರ ನವೆಂಬರ್ 2ರಿಂದ 21ರವರೆಗೆ ಐದು ನಗರಗಳಲ್ಲಿ ಆಟ ಎಂದು ನಿಗದಿಯಾಗಿತ್ತು. ಅದನ್ನು ಮೊದಲು 2021ರ ಫೆಬ್ರುವರಿಗೆ ಹಾಕಿದರು. 2020ರ ನವೆಂಬರ್ 17ರಂದು ಫಿಫಾ ಅದನ್ನು ರದ್ದು ಮಾಡಿ, 2022ರ ಟೂರ್ನಿಯನ್ನು ಭಾರತಕ್ಕೆ ಕೊಟ್ಟಿತು. ಹುಡುಗರ 17ರ ಮತ್ತು 20ರ ವಿಶ್ವಕಪ್ಪುಗಳಿಗೂ ಇದೇ ಗತಿಯಾಯಿತು ಎನ್ನುವುದನ್ನು ಹೇಳಬೇಕು. ರದ್ದು ಮಾಡಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಆ ಚಳಿಗಾಲದಲ್ಲಿ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸುವ ಧೈರ್ಯ ಯಾರಿಗಿತ್ತು? ಆದರೆ 2020ರ ಟೂರ್ನಿಗೆ 2003ರ ಜನವರಿ 1ರ ನಂತರ ಹುಟ್ಟಿದವರು ಅರ್ಹರಾಗಿದ್ದರು. 2022ಕ್ಕೆ ಆ ಗೆರೆ 2005ಕ್ಕೆ ಸರಿಯಿತು. ನಡುವಿನ ಎರಡು ವರ್ಷದ ಹುಡುಗಿಯರಿಗೆ ಗೆರೆಯನ್ನು ಯಾರೂ ಸಡಿಲಿಸಲಿಲ್ಲ.

ನಮ್ಮ ಶಿವಮೊಗ್ಗ, ಭದ್ರಾವತಿಯ ಮಕ್ಕಳೂ ಆ ವರ್ಷ ಮುಂದೂಡಿಕೆ ಕಂಡರು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಹೋಯಿತು. ಮೂರು ತಿಂಗಳು ಅದೇ ಪುಸ್ತಕ ತಿರುವಿಹಾಕಿ ಬೇಸತ್ತರೂ ಪರೀಕ್ಷೆಯಂತೂ ಬರೆದರು. ಫುಟ್‌ಬಾಲಿನ ಆ ಹುಡುಗಿಯರಿಗೆ ಎರಡನೆಯ ದಿನಾಂಕ ಬರಲೇ ಇಲ್ಲ. ಭಾರತಕ್ಕೆ ಆ ಟೂರ್ನಿಯಲ್ಲಿ ಜಾಗ ಸಿಕ್ಕಿದ್ದು ಆತಿಥ್ಯ ವಹಿಸಿದ ಕಾರಣಕ್ಕೆ. ಅಂಥ ಬಾಗಿಲು ಅವರ ಪಾಲಿಗೆ ಮತ್ತೆ ತೆರೆಯುವುದಿರಲಿಲ್ಲ.

2022ರ ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತದ ಹುಡುಗಿಯರು ಅಮೆರಿಕದ ಎದುರು ಇಳಿದು 0–8ರಲ್ಲಿ ಸೋತರು. ಆಮೇಲೆ ಮೊರಾಕ್ಕೊ ಎದುರು 0–3, ಬ್ರೆಜಿಲ್ ಎದುರು 0–5. 2003ರಲ್ಲಿ, 2004ರಲ್ಲಿ ಹುಟ್ಟಿದ ಒಬ್ಬಳೂ ಆ ತಂಡದಲ್ಲಿ ಇರುವಂತಿರಲಿಲ್ಲ.