ಗಳಿಕೆಯ ದಾರಿ, ದಾನದ ದಾರಿ

ಮುಂಬಯಿಯ ಚರ್ನಿ ರೋಡ್ ನಿಲ್ದಾಣದಲ್ಲಿ ದಿನವೂ ಹತ್ತಿ ಇಳಿಯುವ ನಮ್ಮವರಲ್ಲಿ ಆ ಹೆಸರಿನ ಹಿನ್ನೆಲೆ ಬಲ್ಲವರು ವಿರಳ. ಬ್ರಿಟಿಷ್ ಆಡಳಿತ ದನ ಮೇಯಿಸಲು ಶುಲ್ಕ ವಿಧಿಸಿದಾಗ, ಬಡವರ ದನಗಳು ಉಚಿತವಾಗಿ ಮೇಯಲೆಂದು ವ್ಯಾಪಾರಿಯೊಬ್ಬರು ಠಾಕುರ್‌ದ್ವಾರದ ಬಳಿ ಹುಲ್ಲುಗಾವಲನ್ನು ಕೊಂಡು ಬಿಟ್ಟುಕೊಟ್ಟರಂತೆ. ಮೇಯುವುದು ಎಂಬರ್ಥದ ಮರಾಠಿಯ ‘ಚರಣೆ’ಯಿಂದ ಆ ಹೆಸರು ಬಂತೆಂದು ಹೇಳುವುದುಂಟು. ಆ ವ್ಯಾಪಾರಿಯೇ ಸರ್ ಜಮ್ಶೆಟ್ಜಿ ಜೀಜೀಭಾಯ್ (1783–1859).

ಹದಿಹರೆಯದಲ್ಲೇ ಅನಾಥರಾದ ಜಮ್ಶೆಟ್ಜಿ, ಹಳೆಯ ಬಾಟಲಿಗಳ ವ್ಯಾಪಾರಿಯಾಗಿದ್ದ ಬಂಧುವಿನ ಆಸರೆಯಲ್ಲಿ ಬೆಳೆದವರು. ಚೀನಾಕ್ಕೆ ಹಲವು ಬಾರಿ ಸಮುದ್ರಯಾನ ಮಾಡಿದರು. 1805ರಲ್ಲಿ ಅವರ ಹಡಗು ಫ್ರೆಂಚರ ಸೆರೆಯಾಯಿತು. ಅದೇ ಹಡಗಿನಲ್ಲಿ ವೈದ್ಯನಾಗಿದ್ದ ವಿಲಿಯಂ ಜಾರ್ಡಿನ್ ಎಂಬ ತರುಣನೊಡನೆ ಆಗ ಬೆಳೆದ ಸ್ನೇಹ ಮುಂದೆ ದೊಡ್ಡ ವ್ಯವಹಾರಕ್ಕೆ ಬುನಾದಿಯಾಯಿತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಹತ್ತಿ ಅವರನ್ನು ಶ್ರೀಮಂತರನ್ನಾಗಿಸಿತು.

ಅವರು ಕೊಟ್ಟದ್ದೂ ಕಡಿಮೆಯೇನಲ್ಲ. 1822ರಲ್ಲಿ ಮುಂಬಯಿಯ ಸೆರೆಮನೆಯಲ್ಲಿದ್ದ ಬಡ ಸಾಲಗಾರರ ಋಣ ತೀರಿಸಿ ಬಿಡಿಸಿದರು. 1845ರಲ್ಲಿ ಅವರ ಹೆಸರಿನ ಆಸ್ಪತ್ರೆ ತೆರೆಯಿತು. ಅದೇ ವರ್ಷ, ಪತ್ನಿ ಆವಾಬಾಯಿಯವರು ಕೊಟ್ಟ 1,57,000 ರೂಪಾಯಿಗಳಿಂದ ಮಾಹಿಮ್ ಸೇತುದಾರಿ ಸಿದ್ಧವಾಯಿತು. ಪುಣೆಯ ಬಂಡ್ ಗಾರ್ಡನ್ನಿನ ಕಟ್ಟೆಗೂ ಅವರ ಧನ ಸಂದಿದೆ. ಒಂದು ಲಕ್ಷ ರೂಪಾಯಿಯ ದಾನದಿಂದ 1857ರಲ್ಲಿ ಕಲಾಶಾಲೆ ಹುಟ್ಟಿತು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಕಲಿತದ್ದೂ ಮುಂದೆ ಕಲಿಸಿದ್ದೂ ಅಲ್ಲಿಯೇ. ಕನ್ನಡದ ಬಣ್ಣಗಳಿಗೂ ಆ ಹಣದ ಋಣವಿದೆ.

ಆದರೆ ಆ ಹಣದ ಬಹುಭಾಗದ ಮೂಲ ಅಫೀಮು. ಮಾಳವದಲ್ಲಿ ಬೆಳೆದ ಅಫೀಮು ಮುಂಬಯಿ ಬಂದರಿನಿಂದ ಕ್ಯಾಂಟನ್ನಿಗೆ ಸಾಗುತ್ತಿತ್ತು. ಅಲ್ಲಿ ಅದನ್ನು ಕೊಂಡು ಮಾರುತ್ತಿದ್ದ ಪ್ರಮುಖರಲ್ಲಿ ಜಾರ್ಡಿನ್ ಒಬ್ಬ. ಕಂಪನಿ ಸರ್ಕಾರಕ್ಕೆ ಈ ವ್ಯಾಪಾರ ಕಾನೂನುಬದ್ಧ, ವರಮಾನದ ಮೂಲ. ಚೀನಾದ ಅರಸೊತ್ತಿಗೆಗೆ ನಿಷಿದ್ಧ. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಪಡಿಸಿದ. ಬೆನ್ನಲ್ಲೇ ಯುದ್ಧ ಬಂತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಸೋತ ಚೀನಾ ಅಫೀಮಿಗಾಗಿಯೇ 60 ಲಕ್ಷ ಡಾಲರ್ ಪರಿಹಾರ ತೆರಬೇಕಾಯಿತು. ಅದೇ 1842ರಲ್ಲಿ ಜಮ್ಶೆಟ್ಜಿಯವರಿಗೆ ‘ಸರ್’ ಪದವಿ ದೊರೆಯಿತು. ಆ ಗೌರವ ಪಡೆದ ಮೊದಲ ಭಾರತೀಯರು ಅವರು.

ಹೇಗಾದರೂ ಗಳಿಸು, ಗಳಿಸಿದ್ದನ್ನು ಕೊಡು ಎಂಬ ಸೂತ್ರದ ತೊಡಕು ಇಲ್ಲಿದೆ. ನೊಂದವರು ಬೇರೆ, ಪಡೆದವರು ಬೇರೆ. ಕ್ಯಾಂಟನ್ನಿನ ವ್ಯಸನಿ ಭಾಯಖಳಾದ ಆಸ್ಪತ್ರೆಯ ಹಾಸಿಗೆಯಲ್ಲಿ ಎಂದೂ ಮಲಗಲಿಲ್ಲ. ಒಬ್ಬನಿಂದ ಕಿತ್ತದ್ದನ್ನು ಇನ್ನೊಬ್ಬನಿಗಿತ್ತರೆ ಎರಡನೆಯವನ ಕೃತಜ್ಞತೆ ದೊರೆಯಬಹುದು, ಮೊದಲನೆಯವನ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಶರಣಪರಂಪರೆಯಲ್ಲಿ ಕಾಯಕ ಮತ್ತು ದಾಸೋಹಗಳು ಜೋಡಿಪದಗಳು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧ. ಆ ಅಕ್ಕಿಯಿಂದ ಇನ್ನಷ್ಟು ಜಂಗಮರಿಗೆ ಉಣಬಡಿಸಬಹುದಿತ್ತು. ಆದರೂ ಲಕ್ಕಮ್ಮನ ಪ್ರಶ್ನೆ ಎಷ್ಟು ಮಂದಿ ಉಂಡರು ಎಂಬುದಲ್ಲ, ಅಕ್ಕಿ ಬಂದದ್ದು ಹೇಗೆ ಎಂಬುದು.

ಲಕ್ಕಮ್ಮನ ಒರೆಗಲ್ಲಿಗೆ ಹಚ್ಚಿದರೆ ಜಗತ್ತಿನ ಎಷ್ಟು ಧರ್ಮಸಂಸ್ಥೆಗಳು ಉಳಿದಾವು? ಜ್ವರದಲ್ಲಿ ಬೇಯುತ್ತಿರುವ ರೋಗಿ ಔಷಧದ ಹಣದ ಮೂಲ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅವನು ಕೇಳಬೇಕಾಗಿಯೂ ಇಲ್ಲ. ಕೇಳಬೇಕಾದವನು ಗಳಿಸುವವನು, ಅದೂ ಗಳಿಸುವ ಹೊತ್ತಿನಲ್ಲಿ. ಇನ್ನು ಚರಿತ್ರೆ ಓದುವ ನಮ್ಮ ಪಾಲಿನ ಕೆಲಸ ಸಣ್ಣದು: ಆಸ್ಪತ್ರೆಯನ್ನು ನೆನೆಯುವಾಗ ಅಫೀಮನ್ನು ಮರೆಯದಿರುವುದು, ಅಫೀಮನ್ನು ಹಳಿಯುವಾಗ ಆಸ್ಪತ್ರೆಯನ್ನು ಮರೆಯದಿರುವುದು.