ಪರಮಾಣು ಶಕ್ತಿ ನಿಯಂತ್ರಣ, ಭಾರತದಲ್ಲಿ

ನಾಗರಿಕ ಬಳಕೆಯ ಪರಮಾಣು ಸ್ಥಾವರಗಳು, ಅವುಗಳ ಇಂಧನದ ಕಾರ್ಖಾನೆಗಳು, ಆಸ್ಪತ್ರೆ ಮತ್ತು ಉದ್ಯಮಗಳ ವಿಕಿರಣ ಉಪಕರಣಗಳು ಸುರಕ್ಷಿತವಾಗಿ ನಡೆಯುತ್ತಿವೆಯೇ ಎಂದು ಸರ್ಕಾರದ ಪರವಾಗಿ ನೋಡಿಕೊಳ್ಳುವ ವ್ಯವಸ್ಥೆ. ಈ ಹೊಣೆ ಹೊತ್ತಿರುವುದು ಮುಂಬೈಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಅದರ ಚರಿತ್ರೆಯ ಉದ್ದಕ್ಕೂ ಕಾಡಿದ ಪ್ರಶ್ನೆ ಒಂದೇ: ಸ್ಥಾವರ ಕಟ್ಟುವವರ ಮೇಲೆ ಕಣ್ಣಿಡಬೇಕಾದ ಸಂಸ್ಥೆ ಯಾರಿಗೆ ಉತ್ತರ ಕೊಡಬೇಕು?

ಹಿನ್ನೆಲೆ

1948ರ ಪರಮಾಣು ಶಕ್ತಿ ಕಾಯ್ದೆಯ ಬೆನ್ನಲ್ಲೇ ಅದೇ ವರ್ಷ ಪರಮಾಣು ಶಕ್ತಿ ಆಯೋಗ ಹುಟ್ಟಿತು. 1954ರಲ್ಲಿ ಪ್ರಧಾನಿಯ ನೇರ ಉಸ್ತುವಾರಿಯಲ್ಲಿ ಪರಮಾಣು ಶಕ್ತಿ ಇಲಾಖೆ ಬಂತು. ಹಳೆಯದರ ಸ್ಥಾನಕ್ಕೆ ಬಂದ 1962ರ ಕಾಯ್ದೆ ಈ ಕ್ಷೇತ್ರದ ಬಹುತೇಕ ಅಧಿಕಾರಗಳನ್ನು ಕೇಂದ್ರ ಸರ್ಕಾರದ ಕೈಗೇ ಒಪ್ಪಿಸಿತು. ತಾರಾಪುರ ಸ್ಥಾವರ 1969ರಿಂದ ವಿದ್ಯುತ್ ಕೊಡತೊಡಗಿದಾಗ ಪ್ರತ್ಯೇಕ ನಿಯಂತ್ರಕ ಇರಲಿಲ್ಲ. ಇಲಾಖೆಯೊಳಗಿನ ಸಮಿತಿಗಳೇ ಸುರಕ್ಷತೆಯನ್ನು ಪರಿಶೀಲಿಸುತ್ತಿದ್ದವು. 1979ರಲ್ಲಿ ನೇಮಕವಾದ ಮೆಕೋನಿ ಸಮಿತಿ ಈ ಕೆಲಸಕ್ಕೆ ಬೇರೆ ಮಂಡಳಿ ಬೇಕೆಂದು ಶಿಫಾರಸು ಮಾಡಿತು. 1983ರ ನವೆಂಬರ್ 15ರಂದು, 1962ರ ಕಾಯ್ದೆಯ 27ನೇ ಕಲಮಿನ ಅಡಿಯಲ್ಲಿ, ಸರ್ಕಾರಿ ಆದೇಶದ ಮೂಲಕ ಮಂಡಳಿ ರಚನೆಯಾಯಿತು.

ಆದೇಶದಿಂದ ಹುಟ್ಟಿದ್ದು ಎಂಬ ಸಂಗತಿ ಸಣ್ಣದಲ್ಲ. ಮಂಡಳಿ ವರದಿ ಒಪ್ಪಿಸಬೇಕಾಗಿದ್ದುದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ. ಸ್ಥಾವರಗಳನ್ನು ನಡೆಸುವ ಭಾರತೀಯ ಪರಮಾಣು ವಿದ್ಯುತ್ ನಿಗಮ ಆ ಇಲಾಖೆಯದೇ ಸಂಸ್ಥೆ. 2000ದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಘಟಕಗಳನ್ನು ಮಂಡಳಿಯ ವ್ಯಾಪ್ತಿಯಿಂದ ಹೊರಗಿಡಲಾಯಿತು.

ಪರವಾನಗಿಯ ಕ್ರಮ

ನೆಲೆಯ ಆಯ್ಕೆ, ನಿರ್ಮಾಣ, ಚಾಲನೆಯ ಆರಂಭ, ನಿತ್ಯದ ಕಾರ್ಯಾಚರಣೆ, ಕೊನೆಗೆ ಸ್ಥಾವರವನ್ನು ಕಳಚುವುದು: ಪ್ರತಿ ಘಟ್ಟಕ್ಕೂ ಬೇರೆ ಒಪ್ಪಿಗೆ ಬೇಕು. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ ಗರಿಷ್ಠ 30 ಮಿಲಿಸೀವರ್ಟ್ ಎಂಬ ಮಿತಿಯಿದೆ. ಒಂದು ವರ್ಷಕ್ಕೆ 50ರವರೆಗೆ ಬಿಡುವ ಅಂತರರಾಷ್ಟ್ರೀಯ ಶಿಫಾರಸಿಗಿಂತ ಇದು ಬಿಗಿ.

ಕೈಗಾ ಗುಮ್ಮಟ, 1994

ನಿಯಂತ್ರಣದ ಬಲ ಮತ್ತು ಕೊರತೆ ಎರಡನ್ನೂ ತೋರಿಸುವ ಪ್ರಕರಣಗಳಲ್ಲಿ ಉತ್ತರ ಕನ್ನಡದ ಕೈಗಾದ್ದು ಮುಖ್ಯವಾದುದು. ಕಾಳಿ ನದಿಯ ದಡದ ಈ ಯೋಜನೆಗೆ ಶಿವರಾಮ ಕಾರಂತರೂ ಸೇರಿದಂತೆ ಹಲವರ ವಿರೋಧವಿತ್ತು. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ತುಂಬಿರದ ಕಾರಣ ವಿಕಿರಣದ ಮಾತೇ ಇರಲಿಲ್ಲ.

ರಿಯಾಕ್ಟರನ್ನು ಸುತ್ತುವರಿದ ಎರಡು ಗೋಡೆಗಳಲ್ಲಿ ಒಳಗಿನದು ಪೂರ್ವಬಿಗಿತದ ಕಾಂಕ್ರೀಟಿನದು. ಕಾಂಕ್ರೀಟಿನೊಳಗೆ ಹಾಯಿಸಿದ ಉಕ್ಕಿನ ಕೇಬಲ್‌ಗಳನ್ನು ಜಗ್ಗಿ ಬಿಗಿದರೆ ಇಡೀ ಕಟ್ಟಡ ಒತ್ತಡದಲ್ಲಿ ನಿಲ್ಲುತ್ತದೆ. ಅಪಘಾತದಲ್ಲಿ ಒಳಗಿನ ಉಗಿ ಹೊರಕ್ಕೆ ನೂಕಿದರೂ ಬಿರುಕು ಬಿಡುವುದಿಲ್ಲ. ನೇರ ಗೋಡೆಯಲ್ಲಿ ಇದು ಸರಳ. ಗುಮ್ಮಟದಲ್ಲಿ ಕೇಬಲ್ ಬಾಗಿರುತ್ತದೆ. ಬಾಗಿದ ಕೇಬಲ್ ಬಿಗಿದಾಗ ನೆಟ್ಟಗಾಗಲು ಹವಣಿಸಿ, ತನ್ನ ಕೆಳಗಿನ ಕಾಂಕ್ರೀಟನ್ನು ಒಳಮುಖವಾಗಿ ಅದುಮುತ್ತದೆ. ಮೇಲಿನ ಪದರಕ್ಕೆ ಆ ಒತ್ತು ತಾಗದು. ಹೀಗೆ ಎರಡು ಪದರಗಳ ನಡುವೆ, ಕೇಬಲ್‌ಗಳ ಕೊಳವೆಗಳಿಂದ ಮೊದಲೇ ಟೊಳ್ಳಾದ ಮಟ್ಟದಲ್ಲಿ, ಎಳೆತ ಹುಟ್ಟುತ್ತದೆ. ಕಾಂಕ್ರೀಟು ಎಳೆತ ತಾಳುವುದು ಅತ್ಯಲ್ಪ. ಪದರಗಳನ್ನು ಅಡ್ಡಡ್ಡಲಾಗಿ ಹೊಲಿದಂತೆ ಹಿಡಿಯುವ ಉಕ್ಕಿನ ಸರಳುಗಳು ವಿನ್ಯಾಸದಲ್ಲಿ ಸಾಕಷ್ಟು ಇರಲಿಲ್ಲ. ಉಗಿ ಉತ್ಪಾದಕಗಳಿಗಾಗಿ ಗುಮ್ಮಟದಲ್ಲಿ ಬಿಟ್ಟ ದೊಡ್ಡ ತೆರಪುಗಳ ಸುತ್ತ ಕೇಬಲ್‌ಗಳನ್ನು ಇನ್ನಷ್ಟು ಬಳಸಿ ಒಯ್ಯಬೇಕಾಗಿತ್ತು. ಅಲ್ಲಿ ಲೆಕ್ಕಾಚಾರವೂ ಜಟಿಲ.

ನಿಗಮವೂ ಮಂಡಳಿಯೂ ತನಿಖೆ ನಡೆಸಿದವು. ಅಡ್ಡ ಸರಳುಗಳನ್ನು ಸೇರಿಸಿ, ಸಿಲಿಕಾ ಫ್ಯೂಮ್ ಬೆರೆಸಿದ ಹೆಚ್ಚು ಬಲದ ಕಾಂಕ್ರೀಟಿನಿಂದ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. ಇದರಿಂದಾಗಿ ಎರಡನೇ ಘಟಕವೇ ಮೊದಲು, 2000ದ ಮಾರ್ಚ್‌ನಲ್ಲಿ, ವಾಣಿಜ್ಯ ಉತ್ಪಾದನೆಗೆ ತೊಡಗಿತು. ಒಂದನೆಯದು ಅದೇ ನವೆಂಬರ್‌ನಲ್ಲಿ. ಆ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ನಡೆದು ವಿಶ್ವದಾಖಲೆ ಬರೆಯಿತು. ದೋಷವನ್ನು ಹೊರಗೆಡವಿದ್ದು ಕಡತದ ಪರಿಶೀಲನೆಯಲ್ಲ, ಕಾಂಕ್ರೀಟು ಬಿದ್ದದ್ದು ಎಂಬುದನ್ನು ನಿಯಂತ್ರಣದ ಚರಿತ್ರೆ ಬರೆಯುವವರು ಕಡೆಗಣಿಸುವಂತಿಲ್ಲ. ಕೈಗಾ ಗುಮ್ಮಟ ಕಳಚುವ ಹಿಂದಿನ ವರ್ಷ, 1993ರ ಮಾರ್ಚ್ 31ರಂದು, ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಅಲಗು ಮುರಿದು ಬೆಂಕಿ ಹಬ್ಬಿ, ಸ್ಥಾವರ ಸುಮಾರು 17 ಗಂಟೆ ವಿದ್ಯುತ್ ಇಲ್ಲದೆ ಉಳಿದಿತ್ತು.

ಸಂಸತ್ತು ಮತ್ತು ಲೆಕ್ಕಪರಿಶೋಧನೆ

ಹೊರಗಿನಿಂದ ಬಂದ ಅತ್ಯಂತ ವಿವರವಾದ ವಿಮರ್ಶೆ ಮಹಾಲೇಖಪಾಲರ 2012ರ ವರದಿ. ಅದರ ಪ್ರಕಾರ, ರಚನೆಯ ಆದೇಶದಲ್ಲೇ ಹೇಳಿದ್ದರೂ ಮಂಡಳಿ ಸುರಕ್ಷತಾ ನೀತಿಯನ್ನು ರೂಪಿಸಿರಲಿಲ್ಲ. ನಿಯಮ ಮಾಡುವ ಅಧಿಕಾರ ಅದಕ್ಕಿರಲಿಲ್ಲ. ತಪ್ಪಿಗೆ ದಂಡ ಹೆಸರಿಗೆ ಮಾತ್ರ. ದೇಶದ 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ 52,173 ನೋಂದಣಿಯಿಲ್ಲದೆ ನಡೆಯುತ್ತಿದ್ದವು. ಜನರ ಗಮನವೆಲ್ಲ ರಿಯಾಕ್ಟರುಗಳ ಮೇಲಿದ್ದಾಗ, ವಿಕಿರಣ ಸಾಮಾನ್ಯ ರೋಗಿಯನ್ನು ಮುಟ್ಟುವ ಜಾಗದಲ್ಲೇ ಮೇಲ್ವಿಚಾರಣೆ ತೀರ ತೆಳುವಾಗಿತ್ತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60ಕ್ಕೆ ಸಿಕ್ಕಿ ಒಬ್ಬರು ಸತ್ತದ್ದೂ ಇಂಥ ಸಂದಿಯಿಂದಲೇ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ 2013ರಲ್ಲಿ ವರದಿ ಕೊಟ್ಟಿತು.

ಫುಕುಶಿಮಾ ಅಪಘಾತದ ನಂತರ, 2011ರ ಸೆಪ್ಟೆಂಬರ್‌ನಲ್ಲಿ, ಸ್ವತಂತ್ರ ನಿಯಂತ್ರಣ ಪ್ರಾಧಿಕಾರಕ್ಕಾಗಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆ 2014ರಲ್ಲಿ ಸಭೆಯೊಂದಿಗೆ ರದ್ದಾಯಿತು. 2015ರಲ್ಲಿ ಪರಿಶೀಲನೆಗೆ ಬಂದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಂಡವೂ ಮಂಡಳಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ನೆಲೆಗೊಳಿಸಬೇಕೆಂದು ಸೂಚಿಸಿತು.

2025ರ ಕಾಯ್ದೆ

2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, 'ಶಾಂತಿ' ಎಂಬ ಹ್ರಸ್ವನಾಮದ ಕಾಯ್ದೆ 1962ರ ಕಾಯ್ದೆಯನ್ನೂ 2010ರ ಪರಮಾಣು ಹಾನಿ ಹೊಣೆಗಾರಿಕೆ ಕಾಯ್ದೆಯನ್ನೂ ರದ್ದುಪಡಿಸಿ, ಖಾಸಗಿ ಕಂಪನಿಗಳಿಗೂ ಸ್ಥಾವರ ನಡೆಸುವ ದಾರಿ ತೆರೆಯಿತು. ಮಂಡಳಿಗೆ ಮೊದಲ ಬಾರಿಗೆ ಶಾಸನಬದ್ಧ ಸ್ಥಾನಮಾನವನ್ನೂ ಕೊಟ್ಟಿತು. ಆದರೆ ಅದರ ಅಧ್ಯಕ್ಷ ಮತ್ತು ಸದಸ್ಯರನ್ನು ಶಿಫಾರಸು ಮಾಡುವ ಆಯ್ಕೆ ಸಮಿತಿಯನ್ನು ರಚಿಸುವುದು ಪರಮಾಣು ಶಕ್ತಿ ಆಯೋಗವೇ.